ಏಣಿ ಹತ್ತಿದವನೂ ಮೀಸೆ ಅಂಟಿಸಿದವನೂ

“ಕೈ ಕೆಸರಾದರೆ ಬಾಯಿ ಮೊಸರು” ಎಂಬ ಗಾದೆಯನ್ನು ನಮ್ಮ ಕನ್ನಡ ತರಗತಿಯ ಮಕ್ಕಳೆಲ್ಲ ಬಲ್ಲರು. ದುಡಿದರೆ ಫಲ ಉಂಟು ಎಂಬುದು ಅದರ ಅರ್ಥ. ಆದರೆ ಕೈಗೆ ಒಂದಿಷ್ಟೂ ಕೆಸರು ಅಂಟದಂತೆ ಮೊಸರಿನ ಗಡಿಗೆಯನ್ನೇ ಹೊತ್ತುಕೊಂಡು ಹೋದವನ ಕಥೆ ನಿಮಗೆ ಗೊತ್ತೇ?

ಅಂಥವನೊಬ್ಬನ ಕಥೆಯನ್ನು ಹಾಡು, ಕುಣಿತ, ನಗೆಗಳೊಂದಿಗೆ ಹೇಳುವ ಅಮೆರಿಕದ ಚಲನಚಿತ್ರವೊಂದು 1967ರಲ್ಲಿ ತೆರೆಗೆ ಬಂತು. ಅದರ ಹೆಸರು ಬಹಳ ಉದ್ದ: ‘ಹೌ ಟು ಸಕ್ಸೀಡ್ ಇನ್ ಬಿಸಿನೆಸ್ ವಿಥೌಟ್ ರಿಯಲಿ ಟ್ರೈಯಿಂಗ್’. ನಿಜವಾಗಿ ಶ್ರಮಪಡದೆಯೇ ಕೆಲಸದಲ್ಲಿ ಮೇಲೆ ಬರುವುದು ಹೇಗೆ ಎಂದು ಹೇಳಬಹುದು. ಈ ಚಿತ್ರಕ್ಕೆ ಯಾವ ಸಂಬಂಧವೂ ಇಲ್ಲದೆ, ಇದೇ ಜಾತಿಯ ನಗೆಕಥೆಯೊಂದು ನಮ್ಮ ದೇಶದಲ್ಲೂ ಹುಟ್ಟಿ ಕನ್ನಡಕ್ಕೆ ‘ಆಸೆಗೊಬ್ಬ ಮೀಸೆಗೊಬ್ಬ’ ಆಗಿ ಬಂದಿದೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ನಗುವಿನ ಜೊತೆಗೆ ಯೋಚನೆಗೂ ಬೇಕಾದಷ್ಟು ಸಿಗುತ್ತದೆ.

ಈ ವಿಷಯವನ್ನು ನಮ್ಮ ವಾರ್ಷಿಕ ಸಂಚಿಕೆಗೆ ಆರಿಸಿಕೊಳ್ಳಲು ಕಾರಣವಿದೆ. ನಮ್ಮ ಹಿರಿಯ ವಿದ್ಯಾರ್ಥಿಗಳು ಇನ್ನೇನು ಕೆಲಸದ ಅನುಭವ ಪಡೆಯಲು ಕಚೇರಿಗಳಿಗೆ ಹೋಗುತ್ತಾರೆ. ವಿಶ್ವವಿದ್ಯಾಲಯದ ಅರ್ಜಿಯಲ್ಲಿ ತಮ್ಮ ಬಗ್ಗೆ ತಾವೇ ಬರೆಯಬೇಕಾಗುತ್ತದೆ. ಸಂದರ್ಶನದಲ್ಲಿ ತಮ್ಮ ಗುಣಗಾನ ತಾವೇ ಮಾಡಬೇಕಾಗುತ್ತದೆ. ಮನೆಯಲ್ಲಿ ಅಪ್ಪ ಅಮ್ಮ “ತಲೆ ತಗ್ಗಿಸಿ ಕೆಲಸ ಮಾಡು” ಎನ್ನುತ್ತಾರೆ. ಶಾಲೆಯಲ್ಲಿ “ತಲೆ ಎತ್ತಿ ಮಾತಾಡು” ಎನ್ನುತ್ತಾರೆ. ಮಕ್ಕಳು ಯಾವುದನ್ನು ಕೇಳಬೇಕು?

ಪುಸ್ತಕ, ನಾಟಕ, ಸಿನಿಮಾ

ಈ ಕಥೆಯ ಮೂಲ 1952ರಲ್ಲಿ ಪ್ರಕಟವಾದ ಒಂದು ತಮಾಷೆಯ ಪುಸ್ತಕ. ಬರೆದವರು ಶೆಫರ್ಡ್ ಮೀಡ್. ಅವರು ನ್ಯೂಯಾರ್ಕಿನ ದೊಡ್ಡ ಜಾಹೀರಾತು ಸಂಸ್ಥೆಯೊಂದರಲ್ಲಿ ಅಂಚೆ ವಿಭಾಗದ ಗುಮಾಸ್ತರಾಗಿ ಸೇರಿ ಉಪಾಧ್ಯಕ್ಷರ ಹುದ್ದೆಯವರೆಗೆ ಏರಿದವರು. ಆದ್ದರಿಂದ ಕಚೇರಿಯ ಒಳಗುಟ್ಟೆಲ್ಲ ಅವರಿಗೆ ಗೊತ್ತಿತ್ತು. ಯಶಸ್ಸಿನ ಸೂತ್ರ ಹೇಳಿಕೊಡುವ ಗಂಭೀರ ಪುಸ್ತಕಗಳ ಧಾಟಿಯನ್ನೇ ಅಣಕಿಸಿ ಅವರು ಇದನ್ನು ಬರೆದರು.

ಪುಸ್ತಕವನ್ನು ಆಧರಿಸಿದ ಸಂಗೀತ ನಾಟಕ 1961ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಆರಂಭವಾಯಿತು. ಹಾಡುಗಳನ್ನು ಬರೆದು ರಾಗ ಹಾಕಿದವರು ಫ್ರಾಂಕ್ ಲೆಸರ್. ನಾಟಕ 1,417 ಪ್ರದರ್ಶನಗಳನ್ನು ಕಂಡಿತು. 1962ರಲ್ಲಿ ನಾಟಕ ವಿಭಾಗದ ಪುಲಿಟ್ಜರ್ ಪ್ರಶಸ್ತಿಯನ್ನೂ ಪಡೆಯಿತು. 1963ರಲ್ಲಿ ನಮ್ಮ ಲಂಡನ್ನಿನ ಶಾಫ್ಟ್ಸ್‌ಬರಿ ರಂಗಮಂದಿರಕ್ಕೂ ಬಂತು. ನಂತರ 1967ರಲ್ಲಿ ಡೇವಿಡ್ ಸ್ವಿಫ್ಟ್ ನಿರ್ದೇಶನದಲ್ಲಿ ಚಲನಚಿತ್ರವಾಯಿತು. ನಾಟಕದಲ್ಲಿ ಕಥಾನಾಯಕನಾಗಿದ್ದ ರಾಬರ್ಟ್ ಮೋರ್ಸ್ ಅವರೇ ಚಿತ್ರದಲ್ಲೂ ನಾಯಕ. ಮಕ್ಕಳಿಗೆ ಇನ್ನೊಂದು ಸ್ವಾರಸ್ಯ: 2011ರಲ್ಲಿ ಈ ನಾಟಕ ಬ್ರಾಡ್‌ವೇಯಲ್ಲಿ ಮತ್ತೆ ಬಂದಾಗ ಅದೇ ಪಾತ್ರ ಮಾಡಿದವರು ‘ಹ್ಯಾರಿ ಪಾಟರ್’ ಖ್ಯಾತಿಯ ಡೇನಿಯಲ್ ರ‍್ಯಾಡ್‌ಕ್ಲಿಫ್!

ಕಿಟಕಿ ಒರೆಸುವವನು ಅಧ್ಯಕ್ಷನಾದ ಬಗೆ

ಕಥಾನಾಯಕ ಫಿಂಚ್ ಎತ್ತರದ ಕಟ್ಟಡಗಳ ಕಿಟಕಿ ಒರೆಸುವ ಹುಡುಗ. ಮೇಲೆ ಬರುವ ಸೂತ್ರಗಳ ಪುಸ್ತಕವೊಂದು ಅವನ ಕೈಗೆ ಸಿಗುತ್ತದೆ. ಅದನ್ನು ಓದುತ್ತಲೇ ‘ವರ್ಲ್ಡ್ ವೈಡ್ ವಿಕೆಟ್ ಕಂಪನಿ’ಗೆ ಹೋಗುತ್ತಾನೆ. ವಿಕೆಟ್ ಎಂದೊಡನೆ ನಮಗೆ ನೆನಪಾಗುವುದು ಕ್ರಿಕೆಟ್. ಆದರೆ ಆ ಕಂಪನಿಯ ವಿಕೆಟ್ ಯಾವ ಉಪಯೋಗಕ್ಕೆ ಎಂಬುದು ಕಥೆಗೆ ಮುಖ್ಯವೇ ಅಲ್ಲ. ಅಲ್ಲಿ ಎಲ್ಲರಿಗೂ ಚಿಂತೆ ತಮ್ಮ ಕುರ್ಚಿಯದು.

ಮೊದಲ ದಿನವೇ ಫಿಂಚ್ ಕಂಪನಿಯ ಮುಖ್ಯಸ್ಥ ಬಿಗ್ಲಿಗೆ ಅಕಸ್ಮಾತ್ ಡಿಕ್ಕಿ ಹೊಡೆದು ಬೈಸಿಕೊಳ್ಳುತ್ತಾನೆ. ಕೂಡಲೇ ಸಿಬ್ಬಂದಿ ವಿಭಾಗದ ಅಧಿಕಾರಿಯ ಬಳಿ ಹೋಗಿ, ತಾನು ಈಗಷ್ಟೇ ಬಿಗ್ಲಿಯವರೊಂದಿಗೆ ಮಾತಾಡಿ ಬಂದೆ ಎನ್ನುತ್ತಾನೆ. ಮಾತು ಸುಳ್ಳಲ್ಲ. ಆದರೆ ಅಧಿಕಾರಿ, ಈ ಹುಡುಗ ಸಾಹೇಬರಿಗೆ ಬೇಕಾದವನು ಎಂದುಕೊಂಡು ಕೆಲಸ ಕೊಟ್ಟುಬಿಡುತ್ತಾನೆ. ಭಾಷೆ ಕಲಿಸುವ ನನಗೆ ಈ ಸನ್ನಿವೇಶ ಬಹಳ ಇಷ್ಟ. ಪ್ರತಿಯೊಂದು ಪದವೂ ನಿಜವಾಗಿದ್ದು ಒಟ್ಟು ಅರ್ಥ ಮಾತ್ರ ಸುಳ್ಳಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಫಿಂಚ್ ಸೇರುವುದು ಅಂಚೆ ವಿಭಾಗಕ್ಕೆ. ಅಲ್ಲಿ ಟ್ವಿಂಬಲ್ ಎಂಬ ಹಿರಿಯ 25 ವರ್ಷದಿಂದ ಇದ್ದಾನೆ. ಕಂಪನಿ ಏನು ಹೇಳಿದರೂ ಹೌದೆನ್ನುವುದು, ಸ್ವಂತ ಅಭಿಪ್ರಾಯ ಇಟ್ಟುಕೊಳ್ಳದಿರುವುದು, ಇವೇ ಅವನ ಬಾಳಿನ ಸೂತ್ರ. ಅದನ್ನೇ ಹಾಡಿ ತೋರಿಸುತ್ತಾನೆ. ಇಂಥವರಿಗೆ ಕನ್ನಡದಲ್ಲಿ ‘ಹೌದಪ್ಪ’ ಎಂಬ ಸೊಗಸಾದ ಮಾತಿದೆ. ಟ್ವಿಂಬಲ್ ಬೇರೆ ವಿಭಾಗಕ್ಕೆ ಹೋಗುವಾಗ ಅವನ ಜಾಗವನ್ನು ಫಿಂಚ್‌ಗೆ ಕೊಡಲು ಬರುತ್ತಾರೆ. ಫಿಂಚ್ ಅದನ್ನು ಒಪ್ಪದೆ, ಬಿಗ್ಲಿಯ ಹೆಂಡತಿಯ ಸಂಬಂಧಿಯಾದ ಫ್ರಂಪ್‌ನ ಹೆಸರು ಸೂಚಿಸುತ್ತಾನೆ. ಎಂಥ ತ್ಯಾಗಿ ಎಂದು ಎಲ್ಲರೂ ಮೆಚ್ಚಿ ಅವನನ್ನು ಇನ್ನೂ ಮೇಲಿನ ಹುದ್ದೆಗೆ ಕಳಿಸುತ್ತಾರೆ. ಅಂಚೆ ವಿಭಾಗದಲ್ಲಿ ಬೇರುಬಿಡಬಾರದೆಂದು ಪುಸ್ತಕ ಮೊದಲೇ ಎಚ್ಚರಿಸಿತ್ತೆಂಬುದು ಅವರಿಗೇನು ಗೊತ್ತು!

ಮುಂದಿನ ಮೆಟ್ಟಿಲುಗಳೂ ಹೀಗೆಯೇ. ಬಿಗ್ಲಿಗೆ ತಾನು ಓದಿದ ಕಾಲೇಜೆಂದರೆ ಪ್ರಾಣ. ಫಿಂಚ್ ತಾನೂ ಅಲ್ಲಿಯವನೇ ಎಂಬಂತೆ ನಟಿಸುತ್ತಾನೆ. ಬಿಗ್ಲಿ ಗುಟ್ಟಾಗಿ ಉಣ್ಣೆ ಹೆಣೆಯುವವನು. ಫಿಂಚ್‌ಗೂ ಹೆಣಿಗೆಯ ಹವ್ಯಾಸ ಬಂದುಬಿಡುತ್ತದೆ. ಶನಿವಾರ ಬೆಳಿಗ್ಗೆ ಸಾಹೇಬ ಬರುವ ಹೊತ್ತಿಗೆ ಮೇಜಿನ ಮೇಲೆ ಖಾಲಿ ಕಾಫಿ ಲೋಟ, ಸಿಗರೇಟಿನ ತುಂಡು ಹರಡಿ, ರಾತ್ರಿಯೆಲ್ಲ ದುಡಿದು ಸುಸ್ತಾದವನಂತೆ ತಲೆಯಿಟ್ಟು ಮಲಗಿರುತ್ತಾನೆ. ಊರ ಕಡೆ ಇದನ್ನು ‘ಬೆಣ್ಣೆ ಹಚ್ಚುವುದು’ ಎನ್ನುತ್ತೇವೆ. ಈಚಿನ ಹುಡುಗರು ‘ಬಕೆಟ್ ಹಿಡಿಯುವುದು’ ಎನ್ನುತ್ತಾರೆ.

ಹೀಗೆ ಜಾಹೀರಾತು ವಿಭಾಗದ ಉಪಾಧ್ಯಕ್ಷನಾದ ಮೇಲೆ ಫಿಂಚ್ ಸಿಕ್ಕಿಬೀಳುತ್ತಾನೆ. ಇಲ್ಲಿ ನಟನೆ ಸಾಲದು, ನಿಜವಾದ ಕೆಲಸ ಬೇಕು. ಅವನ ಬಳಿ ಸ್ವಂತ ಯೋಜನೆಯೇ ಇಲ್ಲ. ಫ್ರಂಪ್ ಬೇಕೆಂದೇ ಕೊಟ್ಟ ಸಲಹೆಯಂತೆ ಟಿವಿಯಲ್ಲಿ ನಿಧಿ ಹುಡುಕುವ ಕಾರ್ಯಕ್ರಮ ಮಾಡಿಸುತ್ತಾನೆ. ಬಚ್ಚಿಟ್ಟ ನಿಧಿ ಕಂಪನಿಯ ಷೇರುಗಳು. ಅವು ಎಲ್ಲಿವೆ ಎಂಬ ಗುಟ್ಟು ಟಿವಿಯಲ್ಲೇ ಬಯಲಾಗಿ, ಜನ ನುಗ್ಗಿ ಕಂಪನಿಯ ಕಚೇರಿಗಳನ್ನೇ ಧ್ವಂಸ ಮಾಡುತ್ತಾರೆ. ಇನ್ನು ಇವನ ಕಥೆ ಮುಗಿಯಿತು ಎನ್ನುವಾಗ, ಕಂಪನಿಯ ಅಧ್ಯಕ್ಷ ವಾಂಪರ್ ಕೂಡ ಹಿಂದೆ ಕಿಟಕಿ ಒರೆಸುತ್ತಿದ್ದವನೇ ಎಂದು ತಿಳಿಯುತ್ತದೆ. ಫಿಂಚ್ ಪಾರಾಗುವುದಷ್ಟೇ ಅಲ್ಲ, ವಾಂಪರ್‌ನ ಕುರ್ಚಿಯನ್ನೇ ಏರುತ್ತಾನೆ!

ಇಲ್ಲೊಂದು ಸೂಕ್ಷ್ಮ ಗಮನಿಸಿ. ಅಂಚೆ ವಿಭಾಗದ ಟ್ವಿಂಬಲ್ ಮತ್ತು ಅಧ್ಯಕ್ಷ ವಾಂಪರ್, ಎರಡೂ ಪಾತ್ರಗಳನ್ನು ಮಾಡಿದವರು ಒಬ್ಬರೇ ನಟ, ಸ್ಯಾಮಿ ಸ್ಮಿತ್. ನಾಟಕದಲ್ಲೂ ಹಾಗೆಯೇ ಇತ್ತು. ಕಟ್ಟಡದ ತಳದಲ್ಲಿ 25 ವರ್ಷ ಕೂತವನಿಗೂ ತುದಿಯಲ್ಲಿ ಕೂತವನಿಗೂ ಒಂದೇ ಮುಖ. ಅವರಿಬ್ಬರ ನಡುವಿನ ಅಂತರ ಯೋಗ್ಯತೆಯದೋ ಅದೃಷ್ಟದ್ದೋ ಎಂದು ಕೇಳುವಂತಾಗುತ್ತದೆ.

ಆ ಕಾಲದ ಕಚೇರಿ

ಇಂದಿನ ಮಕ್ಕಳಿಗೆ ಈ ಕಚೇರಿ ಬೇರೆ ಲೋಕದಂತೆ ಕಾಣಬಹುದು. ಕಂಪ್ಯೂಟರ್ ಇಲ್ಲ, ಇಮೇಲ್ ಇಲ್ಲ. ಸಾಲಾಗಿ ಕೂತು ಟೈಪ್ ಮಾಡುವ ಹುಡುಗಿಯರು, ಬಂದ ಪತ್ರಗಳನ್ನು ವಿಂಗಡಿಸಿ ಮೇಜಿನಿಂದ ಮೇಜಿಗೆ ಒಯ್ಯುವ ಹುಡುಗರು. ಅಂಚೆ ವಿಭಾಗದ ಹುಡುಗನಿಗೆ ಸಂಬಳ ಕಡಿಮೆ, ಆದರೆ ಅವನು ಎಲ್ಲ ಮಹಡಿಗಳಿಗೂ ಹೋಗಬಹುದಿತ್ತು, ಎಲ್ಲರ ಕಣ್ಣಿಗೂ ಬೀಳಬಹುದಿತ್ತು. ಏಣಿಯ ಮೊದಲ ಮೆಟ್ಟಿಲು ಅದೇ ಆದದ್ದು ಇದರಿಂದಲೇ.

ಕಚೇರಿ ಬದಲಾಗತೊಡಗಿದ್ದು ಇದೇ ಕಾಲದಲ್ಲಿ. ಅದಕ್ಕೂ ನಮ್ಮ ಗ್ರೀನ್‌ಫರ್ಡ್‌ಗೂ ನಂಟಿದೆ. ಇಲ್ಲಿನ ಲಯನ್ ವೇ ರಸ್ತೆ ಎಲ್ಲರಿಗೂ ಗೊತ್ತು. ಅಲ್ಲಿ ಕಾಲುವೆಯ ಪಕ್ಕದಲ್ಲಿ ಹಿಂದೆ ಜೆ. ಲಯನ್ಸ್ ಕಂಪನಿಯ ದೊಡ್ಡ ಚಹಾ ಕಾರ್ಖಾನೆ ಇತ್ತು. ಅದೇ ಕಂಪನಿ ತನ್ನ ಹ್ಯಾಮರ್‌ಸ್ಮಿತ್ ಕಚೇರಿಯಲ್ಲಿ ‘ಲಿಯೋ’ ಎಂಬ ಗಣಕಯಂತ್ರವನ್ನು ಕಟ್ಟಿಸಿ, 1951ರಲ್ಲಿ ಬೇಕರಿಯ ಲೆಕ್ಕಪತ್ರದ ಕೆಲಸಕ್ಕೆ ಹಚ್ಚಿತು. ಕಚೇರಿಯ ದಿನನಿತ್ಯದ ಲೆಕ್ಕಕ್ಕೆ ಕಂಪ್ಯೂಟರ್ ಬಳಸಿದ್ದು ಜಗತ್ತಿನಲ್ಲಿ ಅದೇ ಮೊದಲು. ಮರುವರ್ಷ ಅಮೆರಿಕದಲ್ಲಿ ಮೀಡ್ ಅವರ ಪುಸ್ತಕ ಬಂತು. ಲೆಕ್ಕ ಮಾಡುವ ಯಂತ್ರ ಬಂದರೂ ಸಾಹೇಬರ ಮನಸ್ಸನ್ನು ಲೆಕ್ಕ ಹಾಕುವ ಫಿಂಚ್‌ಗಳಿಗೆ ಕೆಲಸ ತಪ್ಪಲಿಲ್ಲ!

ನಮ್ಮ ಮೀಸೆಯ ಕಥೆ

ಈಗ ಭಾರತಕ್ಕೆ ಬರೋಣ. 1979ರಲ್ಲಿ ಹೃಷಿಕೇಶ್ ಮುಖರ್ಜಿಯವರ ಹಿಂದಿ ಚಿತ್ರ ‘ಗೋಲ್‌ಮಾಲ್’ ತೆರೆಕಂಡಿತು. ಸಂಗೀತ ಆರ್. ಡಿ. ಬರ್ಮನ್ ಅವರದು. ಅದನ್ನೇ ಆಧರಿಸಿ 1981ರಲ್ಲಿ ತಮಿಳಿನಲ್ಲಿ ರಜನಿಕಾಂತ್ ಅಭಿನಯದ ‘ತಿಲ್ಲು ಮುಲ್ಲು’ ಬಂತು. ಕನ್ನಡದಲ್ಲಿ 1990ರಲ್ಲಿ ಶಿವರಾಜ್‌ಕುಮಾರ್, ರಾಘವೇಂದ್ರ ರಾಜ್‌ಕುಮಾರ್ ಅಭಿನಯದ ‘ಆಸೆಗೊಬ್ಬ ಮೀಸೆಗೊಬ್ಬ’ ಬಂತು. ‘ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ’ ಎಂಬ ನಮ್ಮ ನಾಣ್ಣುಡಿಯ ಧಾಟಿಯಲ್ಲೇ ಇರುವ ಈ ಹೆಸರು ಎಷ್ಟು ಚೆಂದ ನೋಡಿ! ಮೂರು ಭಾಷೆಯ ಮಕ್ಕಳು ಒಂದೇ ಕಥೆಗೆ ಒಂದೇ ಬೆಂಚಿನಲ್ಲಿ ಕೂತು ನಗಬಹುದು.

ಮೂಲವಾದ ಹಿಂದಿ ಚಿತ್ರದ ಕಥೆ ಹೀಗಿದೆ. ನಾಯಕ ರಾಮ್‌ಪ್ರಸಾದ್ (ಅಮೋಲ್ ಪಾಲೇಕರ್) ಲೆಕ್ಕಪತ್ರ ಚೆನ್ನಾಗಿ ಬಲ್ಲ ನಿರುದ್ಯೋಗಿ. ತಂದೆ ತಾಯಿ ಇಲ್ಲ, ತಂಗಿಯ ಜವಾಬ್ದಾರಿ ಇದೆ. ಕೆಲಸ ಖಾಲಿಯಿರುವ ಕಚೇರಿಯ ಯಜಮಾನ ಭವಾನಿ ಶಂಕರ್ (ಉತ್ಪಲ್ ದತ್). ಅವರಿಗೆ ಮೀಸೆಯಿಲ್ಲದ ಗಂಡಸನ್ನು ಕಂಡರೆ ನಂಬಿಕೆಯಿಲ್ಲ. ಆಟೋಟದ ಹುಚ್ಚಿರುವ ಯುವಕರನ್ನು ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ತಿಳಿದ ರಾಮ್‌ಪ್ರಸಾದ್ ಮೀಸೆ ಬಿಟ್ಟು, ತುಂಡು ಕುರ್ತಾ ತೊಟ್ಟು, ಆಟವೆಂದರೇನೆಂದೇ ಅರಿಯದ ಸಾಧುವಿನಂತೆ ಹೋಗಿ ಕೆಲಸ ಗಿಟ್ಟಿಸುತ್ತಾನೆ.

ಆಮೇಲೆ ತಾಯಿಗೆ ಹುಷಾರಿಲ್ಲವೆಂದು ರಜೆ ಹಾಕಿ ಹಾಕಿ ಪಂದ್ಯ ನೋಡಲು ಹೋಗಿ ಯಜಮಾನರ ಕಣ್ಣಿಗೆ ಬೀಳುತ್ತಾನೆ. ತಪ್ಪಿಸಿಕೊಳ್ಳಲು, ಅಲ್ಲಿದ್ದವನು ಮೀಸೆಯಿಲ್ಲದ ತನ್ನ ಅವಳಿ ತಮ್ಮ ಎನ್ನುತ್ತಾನೆ. ಆ ತಮ್ಮನನ್ನು ಯಜಮಾನರು ಮಗಳಿಗೆ ಸಂಗೀತ ಹೇಳಿಕೊಡಲು ನೇಮಿಸುತ್ತಾರೆ. ಮೀಸೆ ತೆಗೆದು ಅಂಟಿಸುವ ಓಡಾಟ ಶುರು. ಇಲ್ಲದ ತಾಯಿಯನ್ನೂ ಎಲ್ಲಿಂದಲೋ ತರಬೇಕಾಗುತ್ತದೆ. ಒಂದು ಸುಳ್ಳಿಗೆ ಊರುಗೋಲಾಗಿ ಇನ್ನೊಂದು ಸುಳ್ಳು, ಅದಕ್ಕೊಂದು ಮತ್ತೊಂದು. ಕೊನೆಗೆ ಯಜಮಾನರೇ ತಮ್ಮ ಮೀಸೆ ಬೋಳಿಸಿಕೊಳ್ಳುವುದರೊಂದಿಗೆ ಚಿತ್ರ ಮುಗಿಯುತ್ತದೆ.

ಎರಡೂ ಕಥೆಗಳ ಕೀಲಿ ಒಂದೇ ಎಂಬುದು ಈಗ ಹೊಳೆದಿರಬೇಕು. ಅಲ್ಲಿ ಉಣ್ಣೆ ಮತ್ತು ಕಾಲೇಜು, ಇಲ್ಲಿ ಮೀಸೆ ಮತ್ತು ಕುರ್ತಾ. ಎರಡೂ ಕಡೆ ಯಜಮಾನನು ಕೆಲಸವನ್ನು ನೋಡದೆ ತನ್ನ ಪ್ರತಿಬಿಂಬವನ್ನು ಹುಡುಕುತ್ತಾನೆ. ಹುಡುಗ ಅದನ್ನೇ ತೋರಿಸುತ್ತಾನೆ.

ಆದರೆ ವ್ಯತ್ಯಾಸವೂ ದೊಡ್ಡದು. ರಾಮ್‌ಪ್ರಸಾದ್‌ಗೆ ಕೆಲಸ ನಿಜವಾಗಿ ಗೊತ್ತಿದೆ. ಆ ಗಟ್ಟಿ ಕಾಳು ಒಳಗೆ ಬರಲು ಮಾತ್ರ ಮೀಸೆಯ ಸಿಪ್ಪೆ ಬೇಕಾಯಿತು. ಅವನು ಕೇಳುವುದು ತನ್ನ ಮತ್ತು ತಂಗಿಯ ಅನ್ನವನ್ನು, ಯಾರ ಕುರ್ಚಿಯನ್ನೂ ಅಲ್ಲ. ಫಿಂಚ್ ಹಾಗಲ್ಲ. ಅವನ ಬಳಿ ಇರುವುದು ಸಿಪ್ಪೆಯೇ. ಅವನು ಹತ್ತಿದ ಪ್ರತಿ ಮೆಟ್ಟಿಲಿನಿಂದ ಇನ್ನೊಬ್ಬ ಕೆಳಗೆ ಬೀಳುತ್ತಾನೆ. ರಾಮ್‌ಪ್ರಸಾದ್‌ನ ಸುಳ್ಳು ಅವನನ್ನೇ ಓಡಾಡಿಸಿ ಬೆವರಿಳಿಸುತ್ತದೆ. ಫಿಂಚ್‌ನ ಸುಳ್ಳಿಗೆ ಬೇರೆಯವರು ಬೆಲೆ ತೆರುತ್ತಾರೆ.

ಟೊಳ್ಳು ಯಾವುದು, ಗಟ್ಟಿ ಯಾವುದು?

“ಟೀಚರ್, ಹಾಗಾದ್ರೆ ಕಷ್ಟಪಟ್ಟು ಓದೋದು ವೇಸ್ಟಾ?” ಫಿಂಚ್‌ನ ಕಥೆ ಹೇಳಿದಾಗ ತರಗತಿಯಲ್ಲಿ ಬಂದ ಮೊದಲ ಪ್ರಶ್ನೆ ಇದು. ನಗುವ ಪ್ರಶ್ನೆಯಲ್ಲ. ಉತ್ತರಕ್ಕೆ ನಾನು ಕನ್ನಡದ ಪ್ರಹಸನ ಪಿತಾಮಹ ಟಿ. ಪಿ. ಕೈಲಾಸಂ (1884–1946) ಅವರ ಕಡೆ ಹೋಗುತ್ತೇನೆ. ಇದೇ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ, ಇಲ್ಲಿನ ರಂಗಭೂಮಿಯನ್ನು ಕಣ್ತುಂಬ ನೋಡಿ, ಊರಿಗೆ ಮರಳಿದ ಮೇಲೆ ಸರ್ಕಾರಿ ನೌಕರಿಯನ್ನೇ ಬಿಟ್ಟು ನಾಟಕಕ್ಕೆ ನಿಂತವರು ಅವರು. ಅವರ ‘ಟೊಳ್ಳುಗಟ್ಟಿ’ ನಾಟಕದಲ್ಲಿ ಒಂದೇ ಮನೆಯ ಇಬ್ಬರು ಮಕ್ಕಳು. ಒಬ್ಬ ಪರೀಕ್ಷೆಯಲ್ಲಿ ಮುಂದು; ಇನ್ನೊಬ್ಬ ಮನೆಯವರ ಕಷ್ಟಕ್ಕೆ ಒದಗುವುದರಲ್ಲಿ ಮುಂದು. ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ಮನೆಗೆ ಬೆಂಕಿ ಬಿದ್ದಾಗ ಗೊತ್ತಾಗುತ್ತದೆ.

ಫಿಂಚ್‌ನ ಕಥೆಯಲ್ಲೂ ಬೆಂಕಿಯಂಥದೇ ಒಂದು ಪರೀಕ್ಷೆ ಬರುತ್ತದೆ. ಟಿವಿ ಕಾರ್ಯಕ್ರಮದ ರಾದ್ಧಾಂತದಲ್ಲಿ ಅವನು ಟೊಳ್ಳೆಂದು ಎಲ್ಲರಿಗೂ ತಿಳಿದುಹೋಗುತ್ತದೆ. ಆದರೂ ಗೆಲ್ಲುತ್ತಾನೆ. ಏಕೆಂದರೆ ಆ ಕಂಪನಿಯೇ ಟೊಳ್ಳು. ಚಿತ್ರ ನಗುವುದು ಅದನ್ನು ಕಂಡು. ಸುಳ್ಳು ಹೇಳಿರೆಂದು ಅದು ನಮಗೆ ಕಲಿಸುತ್ತಿಲ್ಲ; ಟೊಳ್ಳನ್ನೂ ಗಟ್ಟಿಯನ್ನೂ ಬೇರ್ಪಡಿಸಲಾರದ ಕಚೇರಿಗೆ ಕನ್ನಡಿ ಹಿಡಿಯುತ್ತಿದೆ. ಅಧ್ಯಕ್ಷನಾದ ಫಿಂಚ್‌ನ ಕೆಳಗೆ ವಿಕೆಟ್ ತಯಾರಿಸುವವರು ಯಾರು, ಲೆಕ್ಕ ಬರೆಯುವವರು ಯಾರು ಎಂದು ಕೇಳಿಕೊಳ್ಳಿ. ಆ ಹೆಸರಿಲ್ಲದವರ ದುಡಿಮೆಯಿಂದಲೇ ಕಟ್ಟಡ ನಿಂತಿದೆ.

ಅಂಥ ಹೆಸರಿಲ್ಲದವರು ನಮ್ಮ ಮನೆಗಳಲ್ಲೂ ಇದ್ದಾರೆ. ತಾಯಿಯೊಬ್ಬರು ಒಮ್ಮೆ ಹೇಳಿದರು: “ಎಂಟು ವರ್ಷ ತಲೆ ತಗ್ಗಿಸಿ ದುಡಿದೆ. ನಾನು ಮಾಡಿದ ಲೆಕ್ಕವನ್ನು ಹೊಸದಾಗಿ ಬಂದವನು ಮೀಟಿಂಗ್‌ನಲ್ಲಿ ತನ್ನದೆಂದು ಹೇಳಿದ. ನಾನು ಬಾಯಿ ಬಿಡಲಿಲ್ಲ. ನನ್ನ ಮಗಳು ಹಾಗಾಗಬಾರದು.” ಈ ಮಾತಿನಲ್ಲಿರುವ ನೋವು ಇಲ್ಲಿಗೆ ಬಂದು ದುಡಿದ ಬಹಳ ಮಂದಿಗೆ ಗೊತ್ತು. ಹಾಗೆಂದು ಮಗಳು ಫಿಂಚ್ ಆಗಬೇಕೇ? ಬೇಡ. ಮಾಡದ ಕೆಲಸವನ್ನು ಮಾಡಿದೆ ಎನ್ನುವುದು ವಂಚನೆ. ಆದರೆ ಮಾಡಿದ ಕೆಲಸವನ್ನು “ಇದು ನಾನು ಮಾಡಿದ್ದು” ಎಂದು ಸ್ಪಷ್ಟವಾಗಿ, ವಿನಯವಾಗಿ ಹೇಳುವುದು ಜಂಬವಲ್ಲ, ಅದು ಸತ್ಯ. ನಮ್ಮ ಮಕ್ಕಳು ಕಲಿಯಬೇಕಾದ ಮಾತುಗಾರಿಕೆ ಇದೇ. ಅರ್ಜಿ ಬರೆಯುವಾಗ “ನಾನು ಒಳ್ಳೆಯ ನಾಯಕಿ” ಎಂದು ಬರೆಯುವ ಬದಲು, “ನಮ್ಮ ಶಾಲೆಯ ದೀಪಾವಳಿಗೆ ಹತ್ತು ಮಕ್ಕಳ ನೃತ್ಯ ಕಲಿಸಿದೆ” ಎಂದು ಬರೆಯಲಿ. ಮೊದಲನೆಯದು ಅಂಟಿಸಿದ ಮೀಸೆ. ಎರಡನೆಯದನ್ನು ಯಾರು ಎಳೆದರೂ ಕಿತ್ತು ಬರದು.

ಪಾಲಕರ ಗಮನಕ್ಕೆ

ಚಿತ್ರದ ಡಿವಿಡಿ ಕೊಳ್ಳುವಾಗ ಹಿಂಬದಿಯ ಪ್ರದೇಶ ಸಂಖ್ಯೆಯನ್ನು ನೋಡಿ. ಅಮೆರಿಕದ್ದು 1, ಬ್ರಿಟನ್ನಿನದು 2, ಭಾರತದ್ದು 5. ಅಮೆರಿಕದ ಡಿಸ್ಕ್ ಇಲ್ಲಿನ ಎಲ್ಲ ಪ್ಲೇಯರ್‌ಗಳಲ್ಲೂ ಓಡುವುದಿಲ್ಲ. ಊರಿನಿಂದ ತಂದ ಕನ್ನಡ ಚಿತ್ರಗಳ ವಿಸಿಡಿ ನಿಮ್ಮ ಕಪಾಟಿನಲ್ಲಿದ್ದರೆ ಅದಕ್ಕೆ ಈ ತೊಡಕಿಲ್ಲ. ಸಂಭಾಷಣೆ ಬಲು ವೇಗ. ಡಿಸ್ಕ್‌ನಲ್ಲಿ ಇಂಗ್ಲಿಷ್ ಅಡಿಬರಹವಿದ್ದರೆ ಹಾಕಿಕೊಂಡು ನೋಡಿದರೆ ಮಕ್ಕಳಿಗೂ ಅಜ್ಜ ಅಜ್ಜಿಯರಿಗೂ ಅನುಕೂಲ. ನಾಟಕದಲ್ಲಿ ಕಾಫಿ ಮುಗಿದುಹೋಗಿ ಕಚೇರಿಯೇ ಕಂಗಾಲಾಗುವ ಹಾಡೊಂದಿತ್ತು, ಚಿತ್ರದಲ್ಲಿ ಅದಿಲ್ಲ. ಕಾಫಿಪ್ರಿಯರಾದ ನಮಗೆ ಅದು ನಷ್ಟವೇ!

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಚಿತ್ರದಲ್ಲಿ ಗಂಡಸರೆಲ್ಲ ಸಾಹೇಬರು, ಹೆಂಗಸರು ಬಹುಪಾಲು ಕಾರ್ಯದರ್ಶಿಗಳು. ಅವರನ್ನು ಗಂಡಸರು ನೋಡುವ, ಮಾತಾಡಿಸುವ ರೀತಿ ಇಂದು ಯಾವ ಕಚೇರಿಯಲ್ಲೂ ಸಲ್ಲದು. ಎಲ್ಲೆಲ್ಲೂ ಸಿಗರೇಟಿನ ಹೊಗೆ ಬೇರೆ. ದೊಡ್ಡ ಮಕ್ಕಳ ಜೊತೆ ಕೂತು ನೋಡಿ, ಅಲ್ಲಲ್ಲಿ ನಿಲ್ಲಿಸಿ ಮಾತಾಡುವುದು ಒಳ್ಳೆಯದು.

ನೋಡಿದ ಮೇಲೆ ಮನೆಯಲ್ಲಿ ಚರ್ಚಿಸಿ

1. ಫಿಂಚ್ ನೇರವಾಗಿ ಸುಳ್ಳು ಹೇಳಿದ್ದು ಎಷ್ಟು ಸಲ? ನಿಜ ಹೇಳಿಯೇ ಮೋಸ ಮಾಡಿದ್ದು ಎಷ್ಟು ಸಲ?

2. ಬಿಗ್ಲಿ, ಭವಾನಿ ಶಂಕರ್ ಇಬ್ಬರಲ್ಲಿ ಮೋಸ ಹೋಗಲು ತಾವೇ ದಾರಿ ಮಾಡಿಕೊಟ್ಟವರು ಯಾರು?

3. ನೀವು ಯಜಮಾನರಾದರೆ ಟೊಳ್ಳು, ಗಟ್ಟಿಗಳನ್ನು ಹೇಗೆ ಗುರುತಿಸುತ್ತೀರಿ?

4. ಅಪ್ಪ ಅಮ್ಮನನ್ನು ಕೇಳಿ: ನೀವು ಮಾಡಿದ, ಆದರೆ ಯಾರಿಗೂ ಗೊತ್ತಾಗದ ಒಳ್ಳೆಯ ಕೆಲಸ ಯಾವುದು?

ನಾಲ್ಕನೆಯ ಪ್ರಶ್ನೆಯ ಉತ್ತರವನ್ನು ಮಕ್ಕಳು ಕನ್ನಡದಲ್ಲಿ ಹತ್ತು ವಾಕ್ಯ ಬರೆದು ತಂದರೆ ತರಗತಿಯಲ್ಲಿ ಓದಿಸುತ್ತೇನೆ. ಬರೆದವರ ಹೆಸರು ಮಾತ್ರ ಸಾಲದು, ಕೆಲಸ ಮಾಡಿದವರ ಹೆಸರೂ ದಪ್ಪ ಅಕ್ಷರದಲ್ಲಿ ಇರಬೇಕು.